ಕೆಲಸದ ಮೇಲೆ ಪರವೂರಿಗೆ ಹೋದಾಗ ಅಲ್ಲಿನ ಪ್ರಾಚೀನ ನಾಣ್ಯ ಸಂಗ್ರಾಹಕರನ್ನು ಕಾಣುವುದು ಹೇಗೆ?

ಮಗ್ಗದಮನೆ:
ಎಲ್ಲರಿಗೂ ನಮಸ್ಕಾರ. ನಾನು ಜವಳಿ ಯಂತ್ರಗಳ ಜೋಡಣೆ ಮತ್ತು ದುರಸ್ತಿಯ ಕೆಲಸದಲ್ಲಿದ್ದೇನೆ. ಕರೂರು, ತಿರುಪ್ಪೂರು, ಇಚಲಕರಂಜಿ, ಸೊಲ್ಲಾಪುರ ಎಂದು ವರ್ಷವಿಡೀ ತಿರುಗಾಟ ಇದ್ದೇ ಇರುತ್ತದೆ. ಹಗಲೆಲ್ಲ ಮಿಲ್ಲಿನಲ್ಲಿ ಕಳೆದ ಮೇಲೆ, ಸಂಜೆ ಲಾಡ್ಜಿನ ಕೋಣೆಯಲ್ಲಿ ಸುಮ್ಮನೆ ಕೂರುವ ಬದಲು ಆಯಾ ಊರಿನ ಪ್ರಾಚೀನ ನಾಣ್ಯ ಸಂಗ್ರಾಹಕರನ್ನು ಕಂಡು ಮಾತನಾಡಬೇಕೆಂಬುದು ನನ್ನ ಬಹುದಿನಗಳ ಆಸೆ. ಶಾತವಾಹನರ ಮತ್ತು ಅವರ ಸಾಮಂತರ ಸೀಸದ ನಾಣ್ಯಗಳು ನನ್ನ ಮುಖ್ಯ ಆಸಕ್ತಿ. ಈಚೆಗೆ ಚೇರರ ನಾಣ್ಯಗಳ ಕಡೆಗೂ ಮನಸ್ಸು ಹರಿದಿದೆ.

ತೊಡಕು ಏನೆಂದರೆ, ಗೊತ್ತಿಲ್ಲದ ಊರಿನ ಚಿನಿವಾರ ಪೇಟೆಯಲ್ಲಿ ವಿಚಾರಿಸಿದರೆ ನಾಣ್ಯ ಮಾರುವವರು ಸಿಗುತ್ತಾರೆಯೇ ಹೊರತು ಸಂಗ್ರಾಹಕರು ಸಿಗುವುದಿಲ್ಲ. ಫೋನಿನಲ್ಲಿ ಪರಿಚಯವಾದವರು ಮನೆಗೆ ಕರೆದರೂ ನನ್ನ ನಾಣ್ಯಗಳನ್ನು ಜೊತೆಗೆ ಒಯ್ಯಬೇಕೋ ಬೇಡವೋ, ಮೊದಲ ಭೇಟಿಯಲ್ಲೇ ಕೊಳ್ಳುವ ಮಾತೆತ್ತಬಹುದೋ ಬಾರದೋ ಎಂಬ ಗೊಂದಲ. ಮುಂದಿನ ತಿಂಗಳು ಕರೂರಿಗೆ ಹೋಗುವುದಿದೆ. ಅನುಭವಿಗಳು ದಯವಿಟ್ಟು ತಿಳಿಸಿಕೊಡಿ.

ಚಂದ್ರವಳ್ಳಿ_ಸೀಸ:
ನಾಣ್ಯಗಳನ್ನು ಮನೆಯಲ್ಲೇ ಬಿಟ್ಟು ಅವುಗಳ ಚಿತ್ರಗಳನ್ನು ಒಯ್ಯಿರಿ. ಪ್ರತಿ ನಾಣ್ಯದ ಎರಡೂ ಮುಖಗಳ ಸ್ಪಷ್ಟ ಚಿತ್ರ, ಗ್ರಾಂ ಲೆಕ್ಕದಲ್ಲಿ ತೂಕ, ಮಿಲಿಮೀಟರ್ ಲೆಕ್ಕದಲ್ಲಿ ವ್ಯಾಸ, ನಿಮಗೆ ಗೊತ್ತಿರುವಷ್ಟು ದೊರೆತ ಜಾಗದ ವಿವರ, ಇಷ್ಟನ್ನು ಒಂದು ಸಣ್ಣ ಪುಸ್ತಕದಲ್ಲಿ ಅಂಟಿಸಿಕೊಂಡರೆ ಅದೇ ನಿಮ್ಮ ಪರಿಚಯಪತ್ರ. ಗಂಭೀರ ಸಂಗ್ರಾಹಕರು ಆ ಪುಸ್ತಕದ ಎರಡು ಪುಟ ತಿರುಗಿಸುವಷ್ಟರಲ್ಲಿ ನೀವು ಯಾರೆಂದು ಅರ್ಥಮಾಡಿಕೊಳ್ಳುತ್ತಾರೆ.

ನನ್ನ ಊರು ಚಿತ್ರದುರ್ಗ. ಕೆಲಸದ ಮೇಲೆ ಇಲ್ಲಿಗೆ ಬರುವ ಎಂಜಿನಿಯರುಗಳು, ಔಷಧ ಕಂಪನಿಯವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರ ಅಂಗೈಯಲ್ಲಿ ನಾನು ಮೊದಲು ಇಡುವುದು ಶಾತವಾಹನರ ಸಾಮಂತ ಸದಕಣ ಮಹಾರಠಿಯ ಸೀಸದ ನಾಣ್ಯವನ್ನು. ಅದರ ಭಾರಕ್ಕೆ ಕೈ ಒಂದು ಕ್ಷಣ ತಗ್ಗುತ್ತದೆ. ಒಂದು ಮುಖದಲ್ಲಿ ಡುಬ್ಬದ ಗೂಳಿ, ಅದರ ಸುತ್ತ ಬ್ರಾಹ್ಮಿ ಅಕ್ಷರಗಳು. ಇನ್ನೊಂದು ಮುಖದಲ್ಲಿ ಕಟಾಂಜನದೊಳಗಿನ ಮರ ಮತ್ತು ಕಮಾನುಗಳ ಬೆಟ್ಟ. ಸೀಸ ಮೆತ್ತಗಿನ ಲೋಹವಾದ್ದರಿಂದ ಅಕ್ಷರಗಳ ತಲೆ ಸವೆದಿರುತ್ತದೆ, ಬುಡ ಮಾತ್ರ ಉಳಿದಿರುತ್ತದೆ. ಬೆಳಕನ್ನು ಓರೆಯಾಗಿ ಹಿಡಿದರಷ್ಟೇ 'ಮಹಾರಠಿಸ' ಎಂಬುದು ಓದಲು ಸಿಗುತ್ತದೆ. ಅದನ್ನು ನೋಡಿದ ಕೂಡಲೇ "ಇದಕ್ಕೆ ಎಷ್ಟು?" ಎಂದು ಕೇಳುವವರಿದ್ದಾರೆ, "ಇದು ಎಲ್ಲಿ ಸಿಕ್ಕಿತು?" ಎಂದು ಕೇಳುವವರೂ ಇದ್ದಾರೆ. ಎರಡನೆಯವರಿಗೆ ಮಾತ್ರ ನಾನು ಉಳಿದ ಪೆಟ್ಟಿಗೆಗಳನ್ನು ತೆರೆಯುತ್ತೇನೆ. ಕರೂರಿನಲ್ಲೂ ಸಂಗ್ರಾಹಕರ ಮನಸ್ಸು ಬೇರೆಯಾಗಿರುವುದಿಲ್ಲ.

ಹೊಸಹವ್ಯಾಸಿ:
ನಾಣ್ಯವನ್ನೇ ತೋರಿಸದಿದ್ದರೆ ಎದುರಿನವರು ನಮ್ಮನ್ನು ಹೇಗೆ ನಂಬುತ್ತಾರೆ, ಸರ್?

ವರ್ಗಾವಣೆಯ_ಬದುಕು:
ಹೊಸಹವ್ಯಾಸಿಯವರೇ, ನಂಬಿಕೆ ಹುಟ್ಟುವುದು ಮಾತಿನಿಂದ, ಅದಕ್ಕಿಂತ ಹೆಚ್ಚಾಗಿ ಪ್ರಶ್ನೆಗಳಿಂದ. ಬ್ಯಾಂಕ್ ನೌಕರಿಯ ದೆಸೆಯಿಂದ ನಾನು ನಾಲ್ಕು ರಾಜ್ಯಗಳ ಊರುಗಳಲ್ಲಿ ಇದ್ದು ಬಂದಿದ್ದೇನೆ. ಹೊಸ ಊರಿಗೆ ಹೋದಾಗ ನನಗೆ ನೆರವಾದದ್ದು ಸಂಘಗಳ ಸಂಪರ್ಕ. ಭಾರತೀಯ ನಾಣ್ಯಶಾಸ್ತ್ರ ಪರಿಷತ್ತು 1910ರಿಂದಲೂ ಇದೆ, ಅದರ ಕೇಂದ್ರ ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದೆ. ನಮ್ಮ ಬೆಂಗಳೂರಿನಲ್ಲಿ 'ನಾಣ್ಯದರ್ಶಿನಿ' ಪ್ರದರ್ಶನ ನಡೆದಾಗ ತಮಿಳುನಾಡು, ಆಂಧ್ರ, ಮಹಾರಾಷ್ಟ್ರಗಳ ಸಂಗ್ರಾಹಕರೂ ಬರುತ್ತಾರೆ. ಅಲ್ಲಿ ಮೊದಲ ದಿನದ ನೂಕುನುಗ್ಗಲಿನಲ್ಲಿ ಯಾರೊಂದಿಗೂ ನೆಟ್ಟಗೆ ಮಾತನಾಡಲು ಆಗುವುದಿಲ್ಲ. ಕೊನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಪರಿಚಯ ಮಾಡಿಕೊಂಡರೆ, ಮುಂದೆ ಅವರ ಊರಿಗೆ ಹೋದಾಗ ಬಾಗಿಲು ತಾನಾಗಿ ತೆರೆಯುತ್ತದೆ.

ಕೊಲ್ಹಾಪುರದಲ್ಲಿದ್ದಾಗ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರ ಪರಿಚಯವಾಯಿತು. ಅವರ ಬಳಿ ಶಾತವಾಹನರ ಕಾಲದ ಅರಸ ವಿಳಿವಾಯಕುರನ ಸೀಸದ ನಾಣ್ಯಗಳಿದ್ದವು. ಹೆದೆ ಏರಿಸಿದ ಬಿಲ್ಲು, ಅದರ ಮೇಲೆ ನೆಟ್ಟಗೆ ನಿಂತ ಬಾಣ. ಪ್ರತಿ ನಾಣ್ಯದ ಅಚ್ಚನ್ನೂ ಅವರು ಪೆನ್ಸಿಲಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ಬರೆದಿಟ್ಟಿದ್ದರು. ಒಂದೊಂದು ನಾಣ್ಯದಲ್ಲಿ ಒಂದೊಂದು ತುಂಡು ಅಕ್ಷರ ಮಾತ್ರ ಉಳಿದಿದ್ದರೂ ಎಲ್ಲವನ್ನೂ ಜೋಡಿಸಿ ಪೂರ್ತಿ ಬರಹವನ್ನು ಅವರು ಕಾಗದದ ಮೇಲೆ ನಿಲ್ಲಿಸಿದ್ದ ರೀತಿಯನ್ನು ಯಾವ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೂ ನನಗೆ ತೋರಿಸಿರಲಿಲ್ಲ. ಇಚಲಕರಂಜಿಗೆ ಹೋಗುವ ನೀವು ಕೊಲ್ಹಾಪುರವನ್ನು ಬಿಡಲೇಬೇಡಿ, ಅದು ತೀರ ಹತ್ತಿರ.

ಕರೂರು_ಕನ್ನಡಿಗ:
ಮಗ್ಗದಮನೆಯವರೇ, ಕರೂರಿಗೆ ಸ್ವಾಗತ. ಮನೆಬಳಕೆಯ ಜವಳಿ ವ್ಯಾಪಾರಕ್ಕೆಂದು ಇಲ್ಲಿಗೆ ಬಂದು ನೆಲೆಸಿದವನು ನಾನು. ಈ ಊರನ್ನು ಚೇರರ ರಾಜಧಾನಿ ವಂಜಿ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಅಮರಾವತಿ ನದಿಯ ಮರಳಿನಲ್ಲಿ ಚೇರರ ನಾಣ್ಯಗಳೂ ರೋಮನ್ ನಾಣ್ಯಗಳೂ ಬಹಳ ಕಾಲದಿಂದ ಸಿಗುತ್ತ ಬಂದಿವೆ. ನಾಲ್ಕನೆಯ ಮತ್ತು ಐದನೆಯ ಶತಮಾನದ ರೋಮನ್ ತಾಮ್ರದ ನಾಣ್ಯಗಳು ಹೆಸರುಬೇಳೆಗಿಂತ ಸ್ವಲ್ಪ ದೊಡ್ಡವಷ್ಟೇ. ಮರಳು ಜಾಲಿಸುವವರ ಕಣ್ಣಿಗೆ ಅವು ಹೇಗೆ ಬೀಳುತ್ತವೋ ಎಂದು ನನಗೆ ಈಗಲೂ ಆಶ್ಚರ್ಯ.

ಮೊದಲು ಇಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಿ, ಆಮೇಲೆ ಸಂಗ್ರಾಹಕರ ಮನೆಗೆ ಹೋಗಿ. ಚೇರ ಅರಸನ ಹೆಸರು ಹೊತ್ತ ಬೆಳ್ಳಿಯ 'ಮಾಕ್ಕೋತೈ' ನಾಣ್ಯವನ್ನು ಯಾರಾದರೂ ತೋರಿಸಿದರೆ ನಿಧಾನವಾಗಿ ನೋಡಿ. ಅರಸನ ಬರಿದಲೆಯ ಮುಖ ರೋಮನ್ನರ ಬೆಳ್ಳಿ ನಾಣ್ಯವಾದ ದಿನಾರಿಯಸ್ಸಿನ ಮಾದರಿಯನ್ನು ನೆನಪಿಸುತ್ತದೆ, ಆದರೆ ಮೇಲಿನ ಬರಹ ತಮಿಳು ಬ್ರಾಹ್ಮಿಯದು. ಪಾಂಡ್ಯ ಅರಸ ಪೆರುವಳುದಿಯ ಹೆಸರಿನ ನಾಣ್ಯವನ್ನು ಓದಿ ಈ ಕ್ಷೇತ್ರಕ್ಕೆ ದಾರಿ ತೆರೆದ ಆರ್. ಕೃಷ್ಣಮೂರ್ತಿಯವರು ವೃತ್ತಿಯಿಂದ 'ದಿನಮಲರ್' ಪತ್ರಿಕೆಯ ಸಂಪಾದಕರಾಗಿದ್ದರು. ನಾಣ್ಯಶಾಸ್ತ್ರಕ್ಕೆ ಹವ್ಯಾಸಿಗಳು ಕೊಟ್ಟದ್ದು ಸಣ್ಣದಲ್ಲ.

ಊರಿನವರ ಮೂಲಕವೇ ಹೋದರೆ ಸಂಗ್ರಾಹಕರು ಧಾರಾಳವಾಗಿ ತೋರಿಸುತ್ತಾರೆ. ಮರಳಿನಿಂದ ಬಂದ ಒಂದೆರಡು ನಾಣ್ಯಗಳನ್ನು ಕೊಳ್ಳುವುದರಲ್ಲೂ ತಪ್ಪೇನಿಲ್ಲವೆಂದು ನನ್ನ ಅಭಿಪ್ರಾಯ.

ವಕೀಲರು_ಧಾರವಾಡ:
ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯೂ ಇದೆ. ಇನ್ನು 1972ರ ಪ್ರಾಚೀನ ವಸ್ತುಗಳ ಕಾಯ್ದೆಯಡಿ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತುವೇ ಆಗುತ್ತದೆ. ಅದರ ಮಾರಾಟವನ್ನು ವ್ಯಾಪಾರವಾಗಿ ನಡೆಸುವವರಿಗೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಸಂಗ್ರಹಿಸುವುದು ಅಪರಾಧವಲ್ಲ. ಆದರೆ "ನಿನ್ನೆ ತಾನೇ ಸಿಕ್ಕಿತು" ಎಂದು ಹೇಳಿ ಕೊಡುವ ನಾಣ್ಯವನ್ನು ಪರವೂರಿನಿಂದ ಬಂದ ಉದ್ಯೋಗಿ ಚೀಟಿಯಿಲ್ಲದೆ ಕೊಂಡು ಚೀಲದಲ್ಲಿ ಹಾಕಿಕೊಳ್ಳುವುದು ವಿವೇಕವಲ್ಲ.

ಕೊಂಡದ್ದಕ್ಕೆಲ್ಲ ರಶೀದಿ ಇರಲಿ. ರಶೀದಿ ಕೊಡಲು ಹಿಂಜರಿಯುವವರಿಂದ ಏನನ್ನೂ ಕೊಳ್ಳಬೇಡಿ.

ಕರೂರು_ಕನ್ನಡಿಗ:
ವಕೀಲರೇ, ಕಾಯ್ದೆಯ ಮಾತು ಸರಿ. ಆದರೆ ಸಂಗ್ರಾಹಕರು ಕೊಳ್ಳದಿದ್ದರೆ ಬೆಳ್ಳಿ ಮೂಸೆಗೆ ಹೋಗುತ್ತದೆ, ತಾಮ್ರ ಮತ್ತು ಸೀಸ ಗುಜರಿಗೆ ಹೋಗುತ್ತವೆ. ಹಾಗೆ ಕರಗಿಹೋದ ನಾಣ್ಯವನ್ನು ಯಾವ ಕಾಯ್ದೆ ವಾಪಸು ತರುತ್ತದೆ?

ಚಂದ್ರವಳ್ಳಿ_ಸೀಸ:
ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕರಗುವುದೊಂದೇ ನಷ್ಟವಲ್ಲ. ಊರಿನ ಹೆಸರು ಕಳಚಿಹೋದ ನಾಣ್ಯವೂ ಅರ್ಧ ಕರಗಿದ ನಾಣ್ಯವೇ. ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಪುರಾತತ್ವಜ್ಞ ವೀಲರ್ ಅವರು ಅಗೆದಾಗ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಶಾತವಾಹನರ ಕಾಲದ ನಾಣ್ಯಗಳೂ ಅದೇ ನೆಲದಲ್ಲಿ ದೊರೆತದ್ದರಿಂದಲೇ ಕಾಲಗಣನೆಗೆ ಒಂದು ಆಧಾರ ಸಿಕ್ಕಿತು. ಅವೇ ನಾಣ್ಯಗಳು ಬಿಡಿಬಿಡಿಯಾಗಿ ಪೇಟೆಗೆ ಬಂದಿದ್ದರೆ ಚಂದದ ಲೋಹದ ತುಂಡುಗಳಾಗಿ ಉಳಿಯುತ್ತಿದ್ದವು, ಅಷ್ಟೆ.

ಗೋದಾವರಿ_ತೀರ:
ಈ ಮಾತಿಗೆ ಕೋಟಿಲಿಂಗಾಲಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ವಿದ್ಯುತ್ ಯೋಜನೆಯ ಕೆಲಸಕ್ಕಾಗಿ ನಾನು ಕರೀಂನಗರದ ಕಡೆ ಇದ್ದವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಗೋದಾವರಿಯ ದಡದ ಆ ಹಳ್ಳಿಯ ನೆಲದ ಮೇಲೆ ಸ್ಥಳೀಯರು ಆಯ್ದ ನಾಣ್ಯಗಳಲ್ಲಿ ಗೋಬದ, ನಾರಣ, ಸಮಗೋಪ ಮೊದಲಾದ, ಅದುವರೆಗೆ ಇತಿಹಾಸಕ್ಕೆ ಗೊತ್ತಿಲ್ಲದಿದ್ದ ಅರಸರ ಹೆಸರುಗಳು ಕಂಡವು. ಶಾತವಾಹನ ವಂಶದ ಮೊದಲಿಗನಾದ ಸಿಮುಕನ ನಾಣ್ಯಗಳೂ ಅಲ್ಲಿಯೇ ಸಿಕ್ಕವು. ಶಾತವಾಹನರ ಮೂಲ ನೆಲೆ ಯಾವುದು ಎಂಬ ಚರ್ಚೆಗೆ ಆ ಪುಟ್ಟ ನಾಣ್ಯಗಳು ಹೊಸ ಬಲ ಕೊಟ್ಟವು. ಅವನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವರಲ್ಲಿ ಶಾಸನತಜ್ಞ ಪಿ.ವಿ. ಪರಬ್ರಹ್ಮ ಶಾಸ್ತ್ರಿಯವರೂ, ವೃತ್ತಿಯಿಂದ ನರರೋಗ ಶಸ್ತ್ರಚಿಕಿತ್ಸಕರಾಗಿದ್ದ ಡಾ. ದೇಮೆ ರಾಜಾ ರೆಡ್ಡಿಯವರೂ ಇದ್ದಾರೆ.

ನನ್ನ ಮಾತಿನ ಸಾರ ಇದು: ಸಣ್ಣ ಊರಿನ ಸಂಗ್ರಾಹಕರಿಗೆ ಪ್ರತಿ ನಾಣ್ಯ ಯಾರ ಹೊಲದಿಂದ ಬಂತು, ಯಾವ ಕೆರೆಯ ಹೂಳು ತೆಗೆದಾಗ ಸಿಕ್ಕಿತು ಎಂಬುದು ಬಾಯಿಪಾಠವಾಗಿರುತ್ತದೆ. ಬಹಳ ಮಂದಿ ಅದನ್ನು ಬರೆದಿಟ್ಟಿರುವುದಿಲ್ಲ. ನಾಣ್ಯ ಒಮ್ಮೆ ಮಹಾನಗರದ ಹರಾಜಿಗೆ ಹೋದರೆ 'ದಕ್ಷಿಣ ಭಾರತ' ಎಂಬ ಎರಡು ಪದವಷ್ಟೇ ಉಳಿಯುತ್ತದೆ. ಕೆಲಸದ ಮೇಲೆ ಊರೂರು ಅಲೆಯುವ ನಮ್ಮಂಥವರು ಆ ಸಂಗ್ರಾಹಕರ ಎದುರು ಕುಳಿತು, ಅವರ ಅನುಮತಿ ಪಡೆದು, ಆ ವಿವರಗಳನ್ನು ದಾಖಲಿಸಿಕೊಂಡರೆ ವಿದ್ವಾಂಸರಿಗೂ ಸುಲಭಕ್ಕೆ ಸಿಗದ ಸಾಮಗ್ರಿ ಉಳಿದುಕೊಳ್ಳುತ್ತದೆ. ಮಗ್ಗದಮನೆಯವರು ಕೊಳ್ಳುವ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು ಈ ಕೆಲಸ ಮಾಡಲಿ ಎಂದು ನಾನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಕರೂರು_ಕನ್ನಡಿಗ:
ಗೋದಾವರಿ ತೀರದವರ ಮಾತು ಮನಸ್ಸಿಗೆ ಹಿಡಿಸಿತು. ಆದರೂ ಒಂದು ಆಕ್ಷೇಪ: ಸಿಕ್ಕಿದ ಜಾಗದ ಹೆಸರನ್ನು ಬರೆದು ಪ್ರಕಟಿಸಿದರೆ ಮರುದಿನವೇ ಲೋಹಶೋಧಕ ಹಿಡಿದವರು ಆ ಹೊಲಕ್ಕೆ ನುಗ್ಗುತ್ತಾರೆ.

ಗೋದಾವರಿ_ತೀರ:
ಖಂಡಿತ ನಿಜ. ಆದ್ದರಿಂದ ಸಾರ್ವಜನಿಕವಾಗಿ ತಾಲ್ಲೂಕಿನ ಹೆಸರಷ್ಟೇ ಹೇಳಿ, ಪೂರ್ಣ ವಿವರವನ್ನು ರಾಜ್ಯದ ಪುರಾತತ್ವ ಇಲಾಖೆಗೋ ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ವಿಭಾಗಕ್ಕೋ ಕೊಡಬೇಕು. ದಾಖಲಿಸುವುದೇ ಬೇರೆ, ಡಂಗುರ ಹೊಡೆಯುವುದೇ ಬೇರೆ.

ಇಮಾಮಿ_ರೂಪಾಯಿ:
ನಕಲಿಗಳ ಬಗ್ಗೆ ಯಾರೂ ಎಚ್ಚರಿಸಲಿಲ್ಲವಲ್ಲ! ಪ್ರಯಾಣದ ಆತುರದಲ್ಲಿ, ರೈಲಿಗೆ ಹೊತ್ತಾಯಿತೆಂಬ ಒತ್ತಡದಲ್ಲಿ ಕೊಂಡ ನಾಣ್ಯಗಳಲ್ಲಿ ನಕಲಿ ಸೇರಿಕೊಳ್ಳುವುದು ಹೆಚ್ಚು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನೂ ಅಂಗೈಯಗಲದ ಡಿಜಿಟಲ್ ತಕ್ಕಡಿಯನ್ನೂ ಚೀಲದಲ್ಲಿ ಇಟ್ಟುಕೊಂಡಿರಿ. ವಿಜಯನಗರದ ಚಿನ್ನದ ನಾಣ್ಯವಾದ ವರಾಹ ಸುಮಾರು 3.4 ಗ್ರಾಂ ತೂಗಬೇಕು. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಸೀಳಿದ್ದರೆ ಎರಡನ್ನೂ ದೂರವಿಡಿ. ಕೈಯಲ್ಲಿ ಟಂಕಿಸಿದ, ಅಂದರೆ ಅಚ್ಚಿಟ್ಟು ಬಡಿದು ಮಾಡಿದ ಎರಡು ನಾಣ್ಯಗಳು ಎಂದಿಗೂ ಒಂದೇ ರೀತಿ ಸೀಳುವುದಿಲ್ಲ.

ಇನ್ನು, 1818ರ ಇಸವಿ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಹೆಸರು ಹೊತ್ತ ರಾಮದರ್ಬಾರಿನ ಬಿಲ್ಲೆಗಳನ್ನು ಪ್ರವಾಸಿ ತಾಣಗಳಲ್ಲಿ ಅಪರೂಪದ ನಾಣ್ಯವೆಂದು ಮಾರುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ.

ಚಂದ್ರವಳ್ಳಿ_ಸೀಸ:
ಒಂದು ಸಣ್ಣ ತಿದ್ದುಪಡಿ. ಎರಕವೆಂದ ಮಾತ್ರಕ್ಕೆ ನಕಲಿಯಲ್ಲ. ಶಾತವಾಹನರ ಮಿಶ್ರಲೋಹದ ನಾಣ್ಯಗಳಲ್ಲಿ ಎರಕ ಹೊಯ್ದವು ಧಾರಾಳವಾಗಿವೆ. ಟಂಕಿಸಿದ ಜಾತಿಯ ನಾಣ್ಯ ಎರಕದ ಲಕ್ಷಣ ತೋರಿಸಿದಾಗ ಮಾತ್ರ ಅನುಮಾನಿಸಬೇಕು.

ಇಮಾಮಿ_ರೂಪಾಯಿ:
ಒಪ್ಪಿದೆ, ಗುರುಗಳೇ.

ಹುಬ್ಬಳ್ಳಿ_ಪ್ರತಿನಿಧಿ:
ಔಷಧ ಕಂಪನಿಯ ಪ್ರತಿನಿಧಿಯಾಗಿ ಉತ್ತರ ಕರ್ನಾಟಕವಿಡೀ ಒಬ್ಬಳೇ ಓಡಾಡುವ ನನಗೆ, "ಮನೆಗೆ ಬನ್ನಿ" ಎಂಬ ಆಹ್ವಾನವನ್ನು ನೀವೆಲ್ಲ ಸ್ವೀಕರಿಸುವಷ್ಟು ಸಲೀಸಾಗಿ ಸ್ವೀಕರಿಸಲು ಆಗುವುದಿಲ್ಲ. ಆದ್ದರಿಂದ ಮೊದಲ ಭೇಟಿಯನ್ನು ನಾನು ಗ್ರಂಥಾಲಯದಲ್ಲೋ ವಸ್ತುಸಂಗ್ರಹಾಲಯದ ಆವರಣದಲ್ಲೋ ಇಟ್ಟುಕೊಳ್ಳುತ್ತೇನೆ. ಉಡುಪಿಗೆ ಹೋದಾಗ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ನನಗೆ ಅಂಥ ಜಾಗವಾಗಿ ಒದಗಿತು. ಗಾಜಿನ ಪೆಟ್ಟಿಗೆಗಳ ಮುಂದೆ ನಿಂತು ಮಾತು ಶುರುವಾದರೆ ಎದುರಿನವರಿಗೆ ನಿಜವಾಗಿ ಏನು ಗೊತ್ತಿದೆ ಎಂಬುದೂ ತಿಳಿದುಬಿಡುತ್ತದೆ. ಎರಡನೆಯ ಭೇಟಿಯಿಂದ ಅವರ ಮನೆಯ ಹೆಂಗಸರ ಪರಿಚಯವೂ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಗಂಟಿನಲ್ಲಿದ್ದ ನಾಣ್ಯಗಳ ಹಿನ್ನೆಲೆ ಯಜಮಾನರಿಗಿಂತ ಆ ಮನೆಯ ಅಮ್ಮನವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ವರ್ಗಾವಣೆಯ_ಬದುಕು:
ಮೇಡಂ, ಬಹಳ ಒಳ್ಳೆಯ ಸಲಹೆ. ಗಂಡಸರೂ ಇದನ್ನೇ ಪಾಲಿಸಿದರೆ ಸಂಗ್ರಾಹಕರಿಗೆ ಭದ್ರತೆಯ ಚಿಂತೆ ಕಡಿಮೆಯಾಗುತ್ತದೆ. ಗೊತ್ತಿಲ್ಲದವರನ್ನು ಮನೆಯೊಳಗೆ ಬಿಟ್ಟುಕೊಂಡು ಕಪಾಟು ತೆರೆಯುವುದು ಅವರಿಗೂ ಅಳುಕಿನ ಸಂಗತಿಯೇ.

ಮ್ಯೂನಿಕ್_ಕನ್ನಡತಿ:
ಹೊರದೇಶಕ್ಕೆ ಪ್ರಾಜೆಕ್ಟಿಗೆಂದು ಬರುವವರಿಗಾಗಿ ನನ್ನದೊಂದು ಮಾತು. ಇಲ್ಲಿ ಮ್ಯೂನಿಕ್ಕಿನಲ್ಲಿ ಮಾರ್ಚ್ ಮೊದಲ ಭಾಗದಲ್ಲಿ ನಡೆಯುವ ನಾಣ್ಯ ಸಂತೆಗೆ ಯುರೋಪಿನ ಎಲ್ಲ ಕಡೆಯಿಂದ ಸಂಗ್ರಾಹಕರು ಬರುತ್ತಾರೆ. ತಟ್ಟೆಯಲ್ಲಿಟ್ಟ ಟೈಬೀರಿಯಸ್ಸನ ದಿನಾರಿಯಸ್ಸನ್ನು ಅಂಚು ಹಿಡಿದು ನೋಡಲು ಕೊಡುತ್ತಾರೆ. ಒಂದು ಕಡೆ ಚಕ್ರವರ್ತಿಯ ತಲೆ, ಇನ್ನೊಂದು ಕಡೆ ಕುಳಿತ ಸ್ತ್ರೀ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿಯಲ್ಲಿ ಹೇರಳವಾಗಿರುವುದು ಇದೇ ಮಾದರಿ, ಮತ್ತು ಆಗಸ್ಟಸ್ಸನು ತನ್ನ ಮೊಮ್ಮಕ್ಕಳಾದ ಗಾಯಸ್, ಲೂಸಿಯಸ್ಸರ ಚಿತ್ರ ಹಾಕಿಸಿದ ಮಾದರಿ. ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವೆಂದು ಇಲ್ಲಿನ ಹಿರಿಯ ಸಂಗ್ರಾಹಕರೊಬ್ಬರಿಗೆ ಹೇಳಿದಾಗ ಅವರು ನಕ್ಷೆ ತರಿಸಿ ಊರನ್ನು ಗುರುತು ಹಾಕಿಕೊಂಡರು.

ಲಂಡನ್ನಿಗೆ ಹೋಗುವವರು ಬ್ರಿಟಿಷ್ ಮ್ಯೂಸಿಯಂನ ನಾಣ್ಯ ವಿಭಾಗದ ಅಧ್ಯಯನ ಕೊಠಡಿಗೆ ಮುಂಚಿತವಾಗಿ ಬರೆದು ಸಮಯ ಕೇಳಿಕೊಳ್ಳಿ. 1898ರಲ್ಲಿ ಪುದುಕೋಟೆಯಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ, ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯ ಕಚ್ಚು ಹಾಕಲಾಗಿದೆ. ಅವುಗಳಲ್ಲಿ ಹಲವು ಈಗ ಅಲ್ಲಿವೆ.

ಊರಿನಿಂದ ನಾಣ್ಯ ತರಲು ಮಾತ್ರ ಹೋಗಬೇಡಿ. ವಕೀಲರು ಹೇಳಿದ ಕಾಯ್ದೆ "ತೋರಿಸಲು ಮಾತ್ರ ಒಯ್ಯುತ್ತಿದ್ದೇನೆ" ಎಂಬ ಸಮಜಾಯಿಷಿಯನ್ನು ಕೇಳುವುದಿಲ್ಲ.

ಹೊಸಹವ್ಯಾಸಿ:
ಭೇಟಿಗೆ ಮೊದಲು ನಾಣ್ಯಗಳನ್ನು ಹುಣಸೆಹಣ್ಣಿನಿಂದ ಉಜ್ಜಿ ಹೊಳಪು ಬರಿಸಿಕೊಂಡರೆ ಚಿತ್ರ ಚೆನ್ನಾಗಿ ಬರುತ್ತದೆಯೇ?

ಚಂದ್ರವಳ್ಳಿ_ಸೀಸ:
ದಯವಿಟ್ಟು ಬೇಡ, ಬೇಡ! ತಾಮ್ರದ ಮೇಲೆ ಶತಮಾನಗಳಿಂದ ಕೂತ ಗಟ್ಟಿ ಪದರವೇ ಅಕ್ಷರಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಹುಳಿ ಹಾಕಿದರೆ ಕಿಲುಬಿನ ಜೊತೆಗೆ ಅಕ್ಷರವೂ ಹೋಗುತ್ತದೆ. ಸೀಸವನ್ನಂತೂ ಹುಳಿಯ ಹತ್ತಿರಕ್ಕೂ ತರಬಾರದು. ಮರದ ಪೆಟ್ಟಿಗೆಯಿಂದ ಹೊಮ್ಮುವ ಆಮ್ಲದ ಆವಿಗೇ ಅದು ಬೆಳ್ಳಗೆ ಪುಡಿಯಾಗತೊಡಗುತ್ತದೆ. ಸೀಸದ ನಾಣ್ಯ ಮುಟ್ಟಿದ ಮೇಲೆ ಊಟಕ್ಕೆ ಮುನ್ನ ಕೈ ತೊಳೆಯುವುದನ್ನೂ ಮರೆಯಬಾರದು.

ಮಗ್ಗದಮನೆ:
ಇಷ್ಟೊಂದು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಕರೂರಿಗೆ ನಾಣ್ಯಗಳನ್ನು ಒಯ್ಯುವುದಿಲ್ಲ, ಚಿತ್ರಗಳ ಪುಸ್ತಕವನ್ನು ಒಯ್ಯುತ್ತೇನೆ. ಕೊಳ್ಳುವ ಮಾತನ್ನು ಈ ಸಲ ಎತ್ತುವುದೇ ಇಲ್ಲ. ಕರೂರು ಕನ್ನಡಿಗರೇ, ನಿಮ್ಮ ಬಿಡುವಿನ ಸಂಜೆಯನ್ನು ಖಾಸಗಿ ಸಂದೇಶದಲ್ಲಿ ತಿಳಿಸಿದರೆ ಮೊದಲು ವಸ್ತುಸಂಗ್ರಹಾಲಯದಲ್ಲಿ ಸೇರೋಣ. ಉಳಿದದ್ದು ಒಂದೇ ಪ್ರಶ್ನೆ: ಸಂಗ್ರಾಹಕರು ಒಪ್ಪಿದರೆ ಅವರ ನಾಣ್ಯಗಳ ವಿವರವನ್ನು ಯಾವ ಕ್ರಮದಲ್ಲಿ ಬರೆದುಕೊಳ್ಳಬೇಕು?

ಗೋದಾವರಿ_ತೀರ:
ಮೊದಲು ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಬೆಳಕು ಎಡಮೇಲ್ಗಡೆಯಿಂದ ಓರೆಯಾಗಿ ಬೀಳಲಿ. ಆಮೇಲೆ ತೂಕ ಮತ್ತು ಲೋಹ. ಆಮೇಲೆ ಸಂಗ್ರಾಹಕರು ಹೇಳಿದ ದೊರೆತ ಜಾಗ, ಅವರಿಗೆ ಅದನ್ನು ಹೇಳಿದವರು ಯಾರು, ಯಾವ ವರ್ಷ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ಊಹೆಯನ್ನು ಅದರೊಳಗೆ ಬೆರೆಸಬೇಡಿ. ಜೊತೆಯಲ್ಲಿ ಬೇರೆ ಯಾವ ನಾಣ್ಯಗಳು ಸಿಕ್ಕವು ಎಂದು ಕೇಳುವುದು ಬಹಳ ಮುಖ್ಯ. ನಾಸಿಕದ ಬಳಿಯ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ಸಿಕ್ಕ ಕ್ಷತ್ರಪ ಅರಸ ನಹಪಾಣನ ಹದಿಮೂರು ಸಾವಿರಕ್ಕೂ ಮಿಕ್ಕ ಬೆಳ್ಳಿ ನಾಣ್ಯಗಳು ಒಟ್ಟಾಗಿ ಉಳಿದದ್ದರಿಂದಲೇ, ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗದ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಮರುಟಂಕಿಸಿದ್ದು ಲೆಕ್ಕಕ್ಕೆ ಸಿಕ್ಕಿತು. ಬರೆದುಕೊಂಡದ್ದರ ಒಂದು ಪ್ರತಿಯನ್ನು ಹೊರಡುವ ಮುನ್ನ ಸಂಗ್ರಾಹಕರಿಗೆ ಕೊಡಿ. ಅವರ ಹೆಸರು, ವಿಳಾಸ ಪುಸ್ತಕದಲ್ಲಿ ಬೇಡ. ಒಂದು ಸಂಕೇತಾಕ್ಷರ ಸಾಕು.

ಕರೂರು_ಕನ್ನಡಿಗ:
ಸಂದೇಶ ಕಳಿಸಿದ್ದೇನೆ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ ಇರುತ್ತದೆ, ಆದ್ದರಿಂದ ಗುರುವಾರವೇ ಬನ್ನಿ. ನನ್ನ ತಕ್ಕಡಿಯನ್ನು ನಾನು ತರುತ್ತೇನೆ, ನೀವು ಅಳತೆಪಟ್ಟಿ ತನ್ನಿ.